ಎಲುಬು ಮುರಿದವರಿಗೆ ‘ತಡಕೋ’ ಅನ್ನಬೇಡಿ

ಜೋಕಾಲಿಯಿಂದ ಬಿದ್ದ ಹುಡುಗನಿಗೂ ಬಚ್ಚಲಲ್ಲಿ ಜಾರಿದ ಅಜ್ಜಿಗೂ ಮೊದಲು ಸಿಗುವುದು ಗುಳಿಗೆಯಲ್ಲ, ಉಪದೇಶ. ಮೈಕೈ ನೋವಿಗೆ ಕೇಳದೆಯೂ ಸಿಗುವ ಮದ್ದು, ಎಲುಬು ಮುರಿದ ಹೊತ್ತಿನಲ್ಲಿ ಕೇಳಿದರೂ ಸಿಗುವುದಿಲ್ಲ. ಯಾಕೆ ಹೀಗೆ?

ನಾಳೆ ಪಂಚಮಿ. ಶ್ರಾವಣದ ಜಿಟಿಜಿಟಿ ಮಳೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ರಾಡಿಯಾಗಿದೆ, ಮಂದಿ ಮಾತ್ರ ಕಡಿಮೆಯಾಗಿಲ್ಲ. ಬಳೆಯಂಗಡಿ ಮುಂದೆ ಹೆಣ್ಣುಮಕ್ಕಳ ಗದ್ದಲ. ಉಂಡಿ ಕಟ್ಟಲು ಶೇಂಗಾ, ಬೆಲ್ಲ, ಕೊಬ್ಬರಿ ಕೊಳ್ಳುವವರ ಚೌಕಾಶಿ. ಜೋಕಾಲಿಗೆಂದು ಹಗ್ಗವನ್ನು ಎಳೆದೆಳೆದು ನೋಡುವ ತರುಣರು. ಇದರ ನಡುವೆ ಒಂದು ಮೆಡಿಕಲ್ ಅಂಗಡಿಯ ಕಟ್ಟೆಗೆ ಒರಗಿ, ಕಮಲಾಪುರದ ಕಡೆಯಿಂದ ಬಸ್ಸಿಳಿದು ಬಂದ ಒಬ್ಬ ಅಪ್ಪ ನಿಂತಿದ್ದಾನೆ.

‘ಅಣ್ಣಾರ, ಬ್ಯಾನಿ ಗುಳಿಗಿ ಕೊಡ್ರಿ. ಛಲೋ ಪವರ್ ಇದ್ದಿದ್ದು.’

‘ಯಾರಿಗ್ರಿ?’

‘ನಮ್ಮ ಹುಡುಗಗ್ರಿ. ನಿನ್ನಿ ಸಂಜಿಗಿ ಜೋಕಾಲಿ ಮ್ಯಾಲಿಂದ ಬಿದ್ದಾನ. ಮೊಣಕೈ ಬಾತದ. ಊರಾಗ ಕಟ್ಟು ಹಾಕ್ಸೀವಿ, ರಾತ್ರಿ ಇಡೀ ಮಲಗಿಲ್ಲ.’

‘ಫೋಟೋ ತಗಸೀರೇನು?’

‘ಇಲ್ರಿ, ಹಬ್ಬ ಮುಗೀಲಿ ಅಂತ…’

ಅಂಗಡಿಯವನ ಕೈ ಗುಳಿಗೆಯ ಡಬ್ಬಿಗೆ ಹೋಗಲಿಲ್ಲ. ‘ಗುಳಿಗಿ ಇರ್ಲಿ. ಹುಡುಗನ ಬಟ್ಟು ಹೆಂಗವ ಹೇಳ್ರಿ. ಬೆಚ್ಚಗವನೋ, ತಣ್ಣಗಾಗ್ಯಾವೋ? ಆಡಸ್ತಾನೇನು?’

ಅಪ್ಪ ಅದನ್ನು ನೋಡಿರಲಿಲ್ಲ. ಮನೆಗೆ ಫೋನ್ ಹಚ್ಚಿ ಕೇಳಿದ. ‘ಬಾತಾವಂತ್ರಿ. ಹಿಡದು ನೆಟ್ಟಗ ಮಾಡಿದ್ರ ಚೀರ್ತಾನಂತ.’

‘ಹಂಗಾದ್ರ ಕಟ್ಟು ಸಡಲ ಮಾಡ್ರಿ ಅಂತ ಈಗೇ ಹೇಳ್ರಿ. ಹುಡುಗನ್ನ ದೊಡ್ಡ ದವಾಖಾನಿಗಿ ತರ್ರಿ. ತಡಾ ಮಾಡಬ್ಯಾಡ್ರಿ.’

ಫೋಟೋ ಅಂದರೆ ಈ ಕಡೆ ಎಕ್ಸರೇ. ಬಟ್ಟು ಅಂದರೆ ಬೆರಳು. ಮದ್ದು ಮಾರುವವನು ಮದ್ದು ಕೊಡದೆ ಬೆರಳನ್ನು ಯಾಕೆ ವಿಚಾರಿಸಿದ? ಆ ಪ್ರಶ್ನೆಗೆ ಬರುವ ಮುನ್ನ ಒಂದು ವಿಚಿತ್ರವನ್ನು ಗಮನಿಸಬೇಕು.

ನಮ್ಮಲ್ಲಿ ನೋವಿನ ಗುಳಿಗೆಗೆ ಬರವಿಲ್ಲ. ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿದವರು, ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊತ್ತವರು ಸಂಜೆಗೆ ಒಂದು ನುಂಗಿ ಮಲಗುತ್ತಾರೆ. ವರ್ಷಗಟ್ಟಲೆ ನುಂಗಿ ಕಿಡ್ನಿ ಕೆಡಿಸಿಕೊಂಡವರೂ ಇದ್ದಾರೆ. ಅದೇ ಮನುಷ್ಯ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ದಿನ ನೋಡಿ: ಆಟೊದಲ್ಲಿ ಕುಲುಕುತ್ತ ಬರುವಾಗ ಏನೂ ಇಲ್ಲ, ಚೀಟಿ ಮಾಡಿಸುವಾಗ ಏನೂ ಇಲ್ಲ, ಎಕ್ಸರೇ ಮೇಜಿನ ಮೇಲೆ ಕಾಲು ತಿರುಗಿಸುವಾಗಲೂ ಏನೂ ಇಲ್ಲ. ಸುತ್ತ ನಿಂತವರ ಬಾಯಲ್ಲಿ ಮಾತ್ರ ‘ತಡಕೋ, ಗಂಡಸಲ್ಲೇನು’ ಎಂಬ ಧೈರ್ಯ. ಬೇಡದ ಕಡೆ ಧಾರಾಳ, ಬೇಕಾದ ಕಡೆ ಜಿಪುಣತನ.

ಡಾಕ್ಟರ್ ಮಲಗಿದ ಬಾಗಿಲು

ಎಲುಬಿನ ಮೇಲೊಂದು ತೆಳುವಾದ ಪೊರೆ ಇರುತ್ತದೆ. ನರಗಳ ತುದಿಗಳು ಅದರಲ್ಲಿ ದಟ್ಟವಾಗಿವೆ. ಎಲುಬು ಮುರಿದಾಗ ಈ ಪೊರೆ ಹರಿಯುತ್ತದೆ, ಸುತ್ತಲ ಸ್ನಾಯು ಸೆಟೆದುಕೊಂಡು ಮುರಿದ ತುದಿಗಳನ್ನು ಎಳೆದಾಡುತ್ತದೆ. ಒಂದೊಂದು ಅಲುಗಾಟಕ್ಕೂ ಜೀವ ಹೋಗಿ ಬಂದ ಹಾಗಾಗುತ್ತದೆ. ಆದ್ದರಿಂದ ಮುರಿದೆಲುಬಿನ ಮೊದಲ ನೋವುಮದ್ದು ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಅಲುಗದಂತೆ ಹಿಡಿಯುವುದೇ ಆ ಮದ್ದು.

ಇದನ್ನು ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಸರ್ಜನ್ ತನ್ನ ಮೈಮೇಲೆಯೇ ಸಾಧಿಸಿ ತೋರಿಸಿದ. 1756ರ ಚಳಿಗಾಲದಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿಯಿತು, ಎಲುಬು ಚರ್ಮ ಹರಿದು ಹೊರಬಂತು. ಯಾರೂ ತನ್ನನ್ನು ಎತ್ತಕೂಡದೆಂದು ತಣ್ಣನೆಯ ಬೀದಿಯಲ್ಲಿ ಬಿದ್ದುಕೊಂಡೇ ಹುಕುಂ ಮಾಡಿದ. ಗಾಡಿಯಲ್ಲಿ ಹಾಕಿದರೆ ಕುಲುಕಾಟಕ್ಕೆ ಕಾಲು ಕೈಬಿಟ್ಟು ಹೋಗುತ್ತದೆಂದು ಅವನಿಗೆ ಗೊತ್ತು. ಒಂದು ಬಾಗಿಲನ್ನು ಅಲ್ಲೇ ಕೊಂಡು, ಅದಕ್ಕೆ ಎರಡು ಗಳ ಹೊಡೆಸಿ, ಅದರ ಮೇಲೆ ಮಲಗಿ ಮನೆ ಸೇರಿದ. ಈ ಸಂಗತಿಯನ್ನು ದಾಖಲಿಸಿದವನು ಅವನ ಅಳಿಯ ಜೇಮ್ಸ್ ಅರ್ಲ್. ಕತ್ತರಿಸಬೇಕೆಂದಿದ್ದ ಕಾಲು ಉಳಿಯಿತು.

ಈಗ ನಮ್ಮ ಕಡೆಯ ಕುಲುಕಾಟಕ್ಕೆ ಬರೋಣ. ಕಮಲಾಪುರದಿಂದ ಕಲಬುರಗಿಗೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಕೆಂಪು ಬಾಳೆಗೆ ಹೆಸರಾದ ಊರಿನ ಈ ಹೆದ್ದಾರಿ ಅಪಘಾತಗಳಿಗೂ ಹೆಸರಾಗಿದೆ. 2022ರ ಜೂನ್ 3ರಂದು ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಹೊತ್ತಿ ಉರಿದದ್ದು ಇದೇ ಕಮಲಾಪುರದ ಹೊರವಲಯದಲ್ಲಿ. ಇಂಥ ರಸ್ತೆಯಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಟಂಟಂ ಒಳಗೆ ತುರುಕುವವರ ಉದ್ದೇಶ ಒಳ್ಳೆಯದೇ. ಆದರೆ ಒಂದು ಹಲಗೆ, ಎರಡು ಟವೆಲ್, ಐದು ನಿಮಿಷದ ಸಮಾಧಾನ ಇದ್ದರೆ ಆ 35 ಕಿಲೋಮೀಟರಿನ ನರಕ ಅರ್ಧಕ್ಕಿಳಿಯುತ್ತದೆ.

ಮೊದಲ ಅರ್ಧ ತಾಸು

• ಮುರಿದ ಕೈಕಾಲನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ.

• ಹಲಗೆ, ಕೋಲು ಅಥವಾ ದಪ್ಪ ಮಡಿಸಿದ ಪೇಪರ್ ಇಟ್ಟು, ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಬಟ್ಟೆಯಿಂದ ಕಟ್ಟಿ. ಒಂದು ಬೆರಳು ತೂರುವಷ್ಟು ಸಡಿಲವಿರಲಿ.

• ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ಬರುವುದಿಲ್ಲ.

• ಬಟ್ಟೆಯಲ್ಲಿ ಸುತ್ತಿದ ಐಸು ಇಡಿ. ಬರೀ ಐಸು ಚರ್ಮ ಸುಡುತ್ತದೆ.

• 108ಕ್ಕೆ ಫೋನ್ ಮಾಡಿ. ರಾಜ್ಯದಲ್ಲಿ ಈ ಸೇವೆ 2008ರ ನವೆಂಬರ್ 1ರಿಂದ ಇದೆ.

• ರಸ್ತೆ ಅಪಘಾತವಾದರೆ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ (2016) ಕೇಳಿ: ಮೊದಲ 48 ತಾಸಿನಲ್ಲಿ 25 ಸಾವಿರ ರೂಪಾಯಿವರೆಗೆ ಚಿಕಿತ್ಸೆ. ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗೆ.

ಬೆರಳು ಹೇಳುವ ಸುದ್ದಿ

ಈಗ ಆ ಹುಡುಗನ ಬೆರಳಿಗೆ ಬರೋಣ.

ಕೈ ಊರಿ ಬಿದ್ದ ಮಕ್ಕಳಲ್ಲಿ ಮೊಣಕೈಯ ಸ್ವಲ್ಪ ಮೇಲೆ ಎಲುಬು ಮುರಿಯುವುದು ಬಹಳ ಸಾಮಾನ್ಯ. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಅಲ್ಲೇ ಮುಂದೆ ಹಾದುಹೋಗುತ್ತದೆ. ಇತ್ತ ಮುಂಗೈಯ ಸ್ನಾಯುಗಳು ಹಿಗ್ಗದ ಪೊರೆಯೊಳಗೆ, ತೊಗರಿ ತುಂಬಿ ಬಾಯಿ ಹೊಲಿದ ಗೋಣಿಚೀಲದ ಹಾಗೆ ಕುಳಿತಿರುತ್ತವೆ. ಬಾವು ಏರಿದರೆ ಒಳಗೇ ಒತ್ತಡ. ಹೊರಗಿಂದ ಬಿದಿರ ಸೀಳು ಇಟ್ಟು ಬಿಗಿದ ಕಟ್ಟು ಬೇರೆ. ರಕ್ತ ಒಳಹೋಗದೆ ಸ್ನಾಯು ಸಾಯತೊಡಗುತ್ತದೆ. ಕೆಲವೇ ತಾಸುಗಳ ಅವಕಾಶ. ಆಮೇಲೆ ಕೈ ಉಳಿದರೂ ಬೆರಳು ಕೊಕ್ಕೆಯಾಗಿ ಮಡಿಚಿಕೊಳ್ಳುತ್ತವೆ. ಜರ್ಮನಿಯ ಸರ್ಜನ್ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸುವಾಗ ಬಿಗಿ ಕಟ್ಟಿನ ಕಡೆಗೇ ಬೊಟ್ಟು ಮಾಡಿದ್ದ.

ಅವನಿಗಿಂತ ಎಷ್ಟೋ ಶತಮಾನ ಹಿಂದೆ ನಮ್ಮ ಸುಶ್ರುತ ಸಂಹಿತೆಯೂ ಇದನ್ನು ಹೇಳಿತ್ತು. ಕಟ್ಟು ಸಡಿಲವಾದರೆ ಎಲುಬು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಹದವಾಗಿರಲಿ ಎನ್ನುತ್ತದೆ ಅದು. ಊರಲ್ಲಿ ಕಟ್ಟು ಹಾಕುವವರನ್ನು ಸಾರಾಸಗಟು ಬೈಯುವುದು ನನ್ನ ಉದ್ದೇಶವಲ್ಲ. ರಾತ್ರಿ ಹತ್ತು ಗಂಟೆಗೂ ಬಾಗಿಲು ತೆರೆಯುವವರು ಅವರು, ಚೀಟಿಗೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಆದರೆ ಎಕ್ಸರೇ ಇಲ್ಲದೆ, ಮಗುವಿನ ಮೊಣಕೈಗೆ, ಬಾವು ಇಳಿಯುವ ಮುನ್ನ ಬಿಗಿಯುವ ಕಟ್ಟಿಗೆ ಸುಶ್ರುತನ ಒಪ್ಪಿಗೆಯೂ ಇಲ್ಲ.

ಇಲ್ಲಿಯೇ ನೋವು ಸುದ್ದಿಗಾರನಾಗುತ್ತದೆ. ಸರಿಯಾಗಿ ಕಟ್ಟಿ, ಸರಿಯಾದ ಮದ್ದು ಕೊಟ್ಟ ಮುರಿತದ ನೋವು ತಾಸಿನಿಂದ ತಾಸಿಗೆ ಇಳಿಯಬೇಕು. ಇಳಿಯದೆ ಏರುತ್ತಿದ್ದರೆ, ಬೆರಳನ್ನು ಬೇರೊಬ್ಬರು ನೆಟ್ಟಗೆ ಮಾಡಿದಾಗ ಚೀರುವಂತಾದರೆ, ಅದು ಹುಡುಗನ ಹಟವಲ್ಲ. ಮಕ್ಕಳ ಎಲುಬು ವೈದ್ಯರು ಮೂರು ಲಕ್ಷಣ ನೋಡುತ್ತಾರೆ: ದಿಗಿಲು, ಒದ್ದಾಟ, ಮತ್ತೆ ಮತ್ತೆ ನೋವಿನ ಮದ್ದು ಬೇಡುವುದು. ಬೆರಳು ತಣ್ಣಗಾಗುವುದು, ಬಿಳಿಚುವುದು ತಡವಾಗಿ ಬರುವ ಲಕ್ಷಣಗಳು. ಮೊದಲಿಗೇ ಮದ್ದು ಕೊಡದೆ ‘ಎಲುಬು ಮುರಿದ್ರ ನೋವು ಇದ್ದದ್ದೇ’ ಎಂದು ಕೂತರೆ, ಯಾವ ನೋವು ಮಾಮೂಲು, ಯಾವುದು ಅಪಾಯದ್ದು ಎಂದು ಬೇರೆ ಮಾಡುವುದು ಹೇಗೆ?

ಬೇಡಿದವರಿಗೂ ಸಿಗದ ಕತೆ

ಮದ್ದು ತಡೆಹಿಡಿಯುವುದು ಬಡ ಊರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 1993ರಲ್ಲಿ ಅಮೆರಿಕದ ವೈದ್ಯ ನಾಕ್ಸ್ ಟಾಡ್ ಮತ್ತು ಸಂಗಡಿಗರು ಲಾಸ್ ಏಂಜಲೀಸಿನ ಒಂದು ತುರ್ತು ವಿಭಾಗದ ಹಳೆಯ ಕಡತ ತೆಗೆದರು. ಕೈಕಾಲಿನ ಉದ್ದೆಲುಬು ಮುರಿದುಕೊಂಡು ಬಂದವರಿಗೆ ನೋವಿನ ಮದ್ದು ಕೊಟ್ಟಿದ್ದರೋ ಇಲ್ಲವೋ ಎಂಬುದಷ್ಟೇ ಅವರು ಹುಡುಕಿದ್ದು. ಬಿಳಿಯರಲ್ಲಿ ನೂರಕ್ಕೆ 26 ಮಂದಿಗೆ ಏನೂ ಸಿಕ್ಕಿರಲಿಲ್ಲ. ಹಿಸ್ಪಾನಿಕ್ ಮೂಲದವರಲ್ಲಿ 55 ಮಂದಿಗೆ! ಅಟ್ಲಾಂಟಾದಲ್ಲಿ ಇದೇ ಲೆಕ್ಕವನ್ನು 2000ದಲ್ಲಿ ಹಾಕಿದಾಗ ಮದ್ದು ಸಿಕ್ಕವರು ಬಿಳಿಯರಲ್ಲಿ 74, ಕರಿಯರಲ್ಲಿ 57. ಎಲುಬು ಒಂದೇ ಥರ ಮುರಿದರೂ, ಯಾರು ಚೀರಿದರು ಎಂಬುದರ ಮೇಲೆ ಸೂಜಿ ಹೊರಬರುತ್ತಿತ್ತು. ನಮ್ಮ ವಾರ್ಡುಗಳಲ್ಲಿ ಮಾಸಿದ ಧೋತರದವರಿಗೂ ಇಸ್ತ್ರಿ ಮಾಡಿದ ಅಂಗಿಯವರಿಗೂ ಇಂಥ ಲೆಕ್ಕ ಹಾಕಿದರೆ ಏನು ಬಂದೀತೆಂದು ಊಹಿಸುವುದು ಕಷ್ಟವಲ್ಲ.

ಮದ್ದು ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ, ಡಾಕ್ಟರು ನೋಡುವವರೆಗೆ ತಡೆಯಿರಿ ಎಂಬ ಮಾತೂ ಉಂಟು. ಎಕ್ಸರೇ ಯಂತ್ರಕ್ಕೆ ನರಳಾಟ ಬೇಕಿಲ್ಲ. ನೋವು ಇಳಿದ ರೋಗಿಯ ಕೈಯನ್ನು ತಿರುಗಿಸಿ ಫೋಟೋ ತೆಗೆಯುವುದೇ ಸುಲಭ.

ಇನ್ನೊಂದು ದೊಡ್ಡ ಅಡ್ಡಿ ಅಫೀಮಿನ ಹೆಸರಿನದು. ತೀವ್ರ ನೋವಿಗೆ ಕೊಡುವ ಮಾರ್ಫೀನ್ ಬರುವುದು ಗಸಗಸೆಯ ಕಾಯಿಯ ಹಾಲಿನಿಂದ. ಮಂದಸೌರ್, ನೀಮಚ್ ಕಡೆ ಸರ್ಕಾರದ ಲೈಸೆನ್ಸಿನಲ್ಲಿ ಅದನ್ನು ಬೆಳೆಯುತ್ತಾರೆ, ಕಚ್ಚಾ ಅಫೀಮನ್ನು ನಾವು ಹೊರದೇಶಕ್ಕೂ ಕಳಿಸುತ್ತೇವೆ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸಿನ ಮೇಲೆ ಲೈಸೆನ್ಸು, ಲೆಕ್ಕ ತಪ್ಪಿದರೆ ಜೈಲಿನ ಭಯ. ಆಸ್ಪತ್ರೆಗಳು ಅದರ ಗೊಡವೆಯೇ ಬೇಡವೆಂದವು. 1985ರಲ್ಲಿ ಸುಮಾರು 600 ಕೆ.ಜಿ. ಇದ್ದ ದೇಶದ ಮಾರ್ಫೀನ್ ಬಳಕೆ 1997ಕ್ಕೆ 18 ಕೆ.ಜಿ.ಗೆ ಕುಸಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ದಿಲ್ಲಿಗೆ ಅಲೆದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ವೈದ್ಯರು ಮಾರ್ಫೀನನ್ನು ಕೈಯಲ್ಲಿ ಹಿಡಿಯದೆಯೇ ಕಲಿತು ಹೊರಬಂದಿದ್ದರು. ಕಾಗದದ ಮೇಲಿನ ನಿಯಮ ಒಂದು ದಿನದಲ್ಲಿ ಬದಲಾಗುತ್ತದೆ, ಕೈರೂಢಿ ಬದಲಾಗುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾಯಿತು. ಅಲ್ಲಿ ಡಬ್ಬಿಗಟ್ಟಲೆ ಬರೆದು ಮನೆಗೆ ಕಳಿಸಿ, ಲಕ್ಷಾಂತರ ಮಂದಿ ಚಟಕ್ಕೆ ಬಿದ್ದು ಸತ್ತರು. ಅದನ್ನು ಓದಿದ ನಮ್ಮ ವೈದ್ಯರು ಇನ್ನಷ್ಟು ಹಿಂಜರಿದರು. ಆದರೆ ತೊಡೆ ಮುರಿದವನಿಗೆ ಆಸ್ಪತ್ರೆಯ ಮಂಚದ ಮೇಲೆ, ಉಸಿರು, ನಾಡಿ ನೋಡುತ್ತ, ಒಂದೆರಡು ದಿನ ಕೊಡುವ ಮಾರ್ಫೀನಿಗೂ ತಿಂಗಳುಗಟ್ಟಲೆ ಜೇಬಿನಲ್ಲಿ ಉಳಿಯುವ ಗುಳಿಗೆಗೂ ಅಜಗಜಾಂತರ.

ನಿಜಾಮನ ದುಡ್ಡು, ಕ್ಲೋರೊಫಾರ್ಮ್ ಪರೀಕ್ಷೆ

ನೋವು ಕಳೆಯುವ ವಿದ್ಯೆಯ ಚರಿತ್ರೆಯಲ್ಲಿ ಈ ಸೀಮೆಯನ್ನು ಆಳಿದವರಿಗೂ ಒಂದು ಪುಟವಿದೆ. ಕಲಬುರಗಿಯ ಎಂಎಸ್‌ಕೆ ಮಿಲ್ಲಿಗೆ ಹೆಸರು ಕೊಟ್ಟ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್, 1888 ಮತ್ತು 1889ರ ಎರಡು ಹೈದರಾಬಾದ್ ಕ್ಲೋರೊಫಾರ್ಮ್ ಆಯೋಗಗಳಿಗೆ ಹಣ ಕೊಟ್ಟ. ಕ್ಲೋರೊಫಾರ್ಮ್ ಆಗಿನ ಅರಿವಳಿಕೆ ಮದ್ದು. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯ ವಾದ: ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಕ್ಲೋರೊಫಾರ್ಮ್ ಹೃದಯಕ್ಕೆ ಹೊಡೆಯುವುದಿಲ್ಲ. ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದು ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿದ. ಲಾರಿಯ ವಾದ ಪೂರ್ತಿ ನಿಜವಲ್ಲವೆಂದು ಆಮೇಲೆ ತಿಳಿಯಿತು. ಉಸಿರಿನ ಮೇಲೆ ಕಣ್ಣಿಡಿ ಎಂಬ ಮಾತು ಮಾತ್ರ ಇವತ್ತಿಗೂ ಚಾಲ್ತಿಯಲ್ಲಿದೆ.

ಸಣ್ಣ ಗುಳಿಗೆಯ ದೊಡ್ಡ ಕೆಲಸ

ಹಾಗಂತ ಎಲ್ಲ ಮುರಿತಕ್ಕೂ ಮಾರ್ಫೀನ್ ಬೇಕೆಂದಲ್ಲ. 2014ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಎಲುಬು ಮುರಿದು, ಆಪರೇಷನ್ ಬೇಡದೆ ಮನೆಗೆ ಹೊರಟ 134 ಮಕ್ಕಳಲ್ಲಿ ಕೆಲವರಿಗೆ ಐಬುಪ್ರೊಫೆನ್, ಕೆಲವರಿಗೆ ಬಾಯಿಂದ ಮಾರ್ಫೀನ್ ಕೊಟ್ಟು ನೋಡಿದರು. ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ. ವಾಂತಿ, ತೂಕಡಿಕೆ ಮಾರ್ಫೀನಿನವರಿಗೇ ಜಾಸ್ತಿ. 2017ರಲ್ಲಿ ನ್ಯೂಯಾರ್ಕಿನಲ್ಲಿ ಕೈಕಾಲಿಗೆ ಪೆಟ್ಟು ಬಿದ್ದ ದೊಡ್ಡವರ ಮೇಲೂ ಪರೀಕ್ಷೆಯಾಯಿತು: ಐಬುಪ್ರೊಫೆನ್ ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟರೆ ಎರಡು ತಾಸಿನಲ್ಲಿ ಅಫೀಮು ಜಾತಿಯ ಗುಳಿಗೆಯಷ್ಟೇ ಕೆಲಸ.

ಗುಟ್ಟಿರುವುದು ಪವರಿನಲ್ಲಿ ಅಲ್ಲ, ಹೊತ್ತಿನಲ್ಲಿ. ಮೊದಲ ಎರಡು ಮೂರು ದಿನ ನೋವು ಬರಲಿ ಎಂದು ಕಾಯದೆ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ನುಂಗಬೇಕು. ನೋವು ತಲೆಗೇರಿದ ಮೇಲೆ ಇಳಿಸುವುದು ಕಷ್ಟ. ನಮ್ಮವರು ಮಾಡುವುದು ಉಲ್ಟಾ: ರಾತ್ರಿ ಎರಡು ಗಂಟೆಯವರೆಗೆ ಹಲ್ಲು ಕಚ್ಚಿ, ಆಮೇಲೆ ಒಂದೇ ಸಲಕ್ಕೆ ಮೂರು ಬಗೆಯ ಗುಳಿಗೆ.

ಅಲ್ಲೇ ಎಡವಟ್ಟು. ‘ಪ್ಲಸ್’ ಎಂದು ಹೆಸರಿರುವ ಎಷ್ಟೋ ನೋವಿನ ಗುಳಿಗೆಯೊಳಗೆ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಮೇಲೆ ಜ್ವರದ 650 ನುಂಗಿದರೆ ಲೆಕ್ಕ ದುಪ್ಪಟ್ಟು. ಗಟ್ಟಿಮುಟ್ಟಾದ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಕೂಡದು. ಕುಡಿತದವರಿಗೆ, ಯಕೃತ್ತು ಕೆಟ್ಟವರಿಗೆ ಮಿತಿ ಇನ್ನೂ ಕಡಿಮೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಥರದವು ಹೊಟ್ಟೆಹುಣ್ಣು, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಆಗಿಬರುವುದಿಲ್ಲ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲೇ ಸರ್ಕಾರ ನಿಷೇಧಿಸಿದೆ.

ಸೂಜಿ ಮದ್ದು ಮತ್ತು ರಣಹದ್ದು

ಎಲುಬು ಮುರಿದವರಿಗೆ ಚುಚ್ಚುವ ಡೈಕ್ಲೊಫೆನಾಕ್ 3 ಮಿ.ಲೀ.ನ ಸಣ್ಣ ಶೀಷೆಯಲ್ಲೇ ಬರುವುದಕ್ಕೆ ಕಾರಣ ಹದ್ದುಗಳು. ಈ ಮದ್ದು ಚುಚ್ಚಿಸಿಕೊಂಡ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಸಂತತಿಯೇ ನೆಲ ಕಚ್ಚಿತು. 2006ರಲ್ಲಿ ದನಕರುಗಳಿಗೆ ಕೊಡುವುದು ನಿಷೇಧವಾಯಿತು. ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗತೊಡಗಿದಾಗ, 2015ರಲ್ಲಿ ಒಂದು ಸಲಕ್ಕೆ ಸಾಲುವಷ್ಟೇ ತುಂಬಬೇಕೆಂದು ಆದೇಶ ಬಂತು.

ಬಚ್ಚಲಲ್ಲಿ ಜಾರಿದ ಅಜ್ಜಿ

ಮಕ್ಕಳಾದರೆ ಚೀರಿ ಹೇಳುತ್ತಾರೆ. ಅಜ್ಜಿಯರು ಹೇಳುವುದಿಲ್ಲ. ಹಸಿ ಬಚ್ಚಲಲ್ಲಿ ಜಾರಿ ಸೊಂಟದ ಕೀಲಿನ ಹತ್ತಿರ ಎಲುಬು ಮುರಿದ ಆಯಿ, ಮಗನಿಗೆ ಖರ್ಚಾದೀತೆಂದು ಬಾಯಿಗೆ ಸೆರಗು ಒತ್ತಿಕೊಂಡು ಮಲಗಿರುತ್ತಾಳೆ. ಎರಡನೇ ರಾತ್ರಿ ಯಾರ್ಯಾರನ್ನೋ ಕರೆಯತೊಡಗುತ್ತಾಳೆ, ಸತ್ತ ಗಂಡನ ಸಂಗಡ ಮಾತಾಡುತ್ತಾಳೆ. ಮನೆಯವರು ನೋವಿನ ಸೂಜಿಯೇ ತಲೆ ಕೆಡಿಸಿತು ಎನ್ನುತ್ತಾರೆ, ಇದ್ದ ಸೂಜಿಯನ್ನೂ ನಿಲ್ಲಿಸುತ್ತಾರೆ.

ವೈದ್ಯ ಶಾನ್ ಮಾರಿಸನ್ ತಂಡ 2003ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ 541 ಮಂದಿಯನ್ನು ಗಮನಿಸಿ ಕಂಡದ್ದು ಬೇರೆ. ತೀರಾ ಕಡಿಮೆ ನೋವುಮದ್ದು ಸಿಕ್ಕವರಲ್ಲೇ ಈ ಭ್ರಮೆ ಹೆಚ್ಚು. ಅಂದರೆ ಬಹಳ ಸಲ ತಲೆ ಕೆಡಿಸುವುದು ನೋವು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ‘ನೈಸ್’ ಸಂಸ್ಥೆ 2011ರಿಂದ ಒಂದು ನಿಯಮ ಇಟ್ಟಿದೆ: ಸೊಂಟ ಮುರಿದವರು ಬಂದ ಕೂಡಲೇ ನೋವು ಕೇಳಬೇಕು, ಮದ್ದು ಕೊಟ್ಟ ಅರ್ಧ ತಾಸಿನೊಳಗೆ ಮತ್ತೆ ಕೇಳಬೇಕು, ತಹಬಂದಿಗೆ ಬರುವವರೆಗೆ ತಾಸಿಗೊಮ್ಮೆ. ವಯಸ್ಸಾದವರಿಗೆ ಡೈಕ್ಲೊ ಜಾತಿಯ ಮದ್ದು ಬೇಡ ಎಂದೂ ಹೇಳಿದೆ. ಅದರ ಬದಲು ತೊಡೆಸಂದಿಯ ನರಕ್ಕೆ ಮರಗಟ್ಟುವ ಸೂಜಿ ಕೊಟ್ಟರೆ ಹಲವು ತಾಸು ನೆಮ್ಮದಿ. ಅರಿವಳಿಕೆ ವೈದ್ಯರಿರುವ ಯಾವ ಜಿಲ್ಲಾ ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ ಇದು. ‘ನರಕ್ಕೆ ಬ್ಲಾಕ್ ಕೊಡ್ತೀರೇನ್ರಿ?’ ಎಂದು ಮನೆಯವರು ಕೇಳಬಹುದು. ಕೇಳಿದ್ದಕ್ಕೆ ಯಾರೂ ಚೀಟಿ ಹರಿಯುವುದಿಲ್ಲ.

ನೋವು ಹತ್ತರಲ್ಲಿ ಎಷ್ಟು ಎಂದರೆ ಆಯಿ ಪಿಳಿಪಿಳಿ ನೋಡುತ್ತಾಳೆ. ‘ರೂಪಾಯಿದಾಗ ಎಷ್ಟಾಣೆ ಕಡಿಮ್ಯಾಗ್ಯದ?’ ಎಂದು ಕೇಳಿ ನೋಡಿ. ‘ನಾಲ್ಕಾಣೆ’ ಎಂಬ ಉತ್ತರ ತಟ್ಟನೆ ಬರುತ್ತದೆ. ಈ ಕಡೆಯ ವಾರ್ಡುಗಳಲ್ಲಿ ಕೆಲಸ ಮಾಡುವ ಸಿಸ್ಟರುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನಾಲ್ಕಾಣೆಯಾದರೆ ಮದ್ದು ಸಾಲಲಿಲ್ಲ. ಹನ್ನೆರಡಾಣೆಗೆ ಬಂದರೆ ಎದ್ದು ಕೂರಿಸಬಹುದು. ಕೂತವಳಿಗೆ ಎದೆಯಲ್ಲಿ ಕಫ ಕಟ್ಟುವುದು, ಬೆನ್ನಿಗೆ ಹುಣ್ಣಾಗುವುದು ಕಡಿಮೆ.

ಮನೆಗೆ ಹೊರಡುವ ಮುನ್ನ ಕೇಳಿ

• ಯಾವ ಗುಳಿಗೆ ಎಷ್ಟು ತಾಸಿಗೊಮ್ಮೆ, ಎಷ್ಟು ದಿನ? ರಾತ್ರಿ ನೋವು ಜಾಸ್ತಿಯಾದರೆ ಯಾವುದು?

• ಬಿಪಿ, ಸಕ್ಕರೆ, ಕಿಡ್ನಿಯ ಮದ್ದು ನಡೆದಿದ್ದರೆ ಅದರ ಸಂಗಡ ಆಗುತ್ತದೆಯೇ?

• ಪ್ಲಾಸ್ಟರ್ ಬಿಗಿಯಾದರೆ ರಾತ್ರಿ ಎಲ್ಲಿಗೆ ಬರಬೇಕು? ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ನೋವು ಏರುತ್ತಲೇ ಹೋದರೆ ಬೆಳಗಿನ ಓಪಿಡಿಗೆ ಕಾಯುವಂತಿಲ್ಲ.

ಆರೇಳು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಒಂದು ಬಗೆಯ ನೋವು ಉಳಿದೀತು. ಕೀಲು ಬಿರುಸಾಗಿರುತ್ತದೆ, ಅದು ಸಹಜ. ಆದರೆ ಮಣಿಕಟ್ಟು ಮುರಿದವರಲ್ಲಿ ಕೆಲವರಿಗೆ ಕೈ ಉರಿಯುತ್ತದೆ, ಚರ್ಮ ಹೊಳೆಯುತ್ತದೆ, ಬಟ್ಟೆ ತಾಗಿದರೂ ಸಹಿಸಲಾಗುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲಿ ಇಂಥ ಉರಿನೋವನ್ನು ವೈದ್ಯ ಸೈಲಸ್ ವಿಯರ್ ಮಿಚೆಲ್ 1864ರಲ್ಲೇ ಬರೆದಿಟ್ಟ. ಇದಕ್ಕೆ ಬೇರೆಯೇ ಮದ್ದು, ಬೇರೆಯೇ ವ್ಯಾಯಾಮ. ಬೇಗ ತೋರಿಸಿದಷ್ಟೂ ಒಳ್ಳೆಯದು. ಬರೀ ಬಿರುಸು ಮಾತ್ರ ಇದ್ದವರು ಡಾಕ್ಟರು ಬರೆದ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ತಾಸು ಮುಂಚೆ ನುಂಗಿ, ಬೆಚ್ಚನೆಯ ನೀರಿನಲ್ಲಿ ಕೈಯದ್ದಿ, ಬೆರಳು ಮಡಿಚಿ ಬಿಚ್ಚಲು ಶುರು ಮಾಡಿದರೆ ಮುಷ್ಟಿ ಬೇಗ ಕೂಡುತ್ತದೆ.